ಐದು ಗ್ರಾಂ ಉಪ್ಪು

ಶಿವದೇವಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ದಿಲ್‌ಸುಖ್‌ನಗರದ ಆ ಓಣಿಗೆಲ್ಲ ಗೊತ್ತಾಗುತ್ತದೆ. ಮುದ್ದೇಬಿಹಾಳದಿಂದ ಮದುವೆಯಾಗಿ ಬಂದವಳು; ಕೋಚಿಂಗಿಗೆಂದು ಬಂದ ಎಷ್ಟು ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದ್ದಾಳೋ ಲೆಕ್ಕವಿಲ್ಲ. ಹಿಟ್ಟಿಗೆ ಬೊಗಸೆ, ಬೇಳೆಗೆ ಗ್ಲಾಸು, ಉಪ್ಪಿಗೆ ಚಮಚ. ಅವಳ ಅಡುಗೆಮನೆಗೆ ತಕ್ಕಡಿ ಕಾಲಿಟ್ಟಿಲ್ಲ. ಯಾರ ಅಡುಗೆಮನೆಗೆ ತಾನೇ ಇಟ್ಟಿದೆ?

ಗಂಡ ಶಿವಶರಣಪ್ಪ ಬಟ್ಟೆ ಅಂಗಡಿಯ ನೌಕರ. ಹೃದಯ ಸೋತು ದೊಡ್ಡಾಸ್ಪತ್ರೆ ಸೇರಿ ಮನೆಗೆ ಮರಳುವ ದಿನ, ಪಥ್ಯ ಹೇಳುವ ಹರ್ಷದಾ ಎಂಬ ಹುಡುಗಿ ಕಂಪ್ಯೂಟರಿನಿಂದ ಕಣ್ಣು ಕೀಳದೆ ಹೇಳಿದ್ದಳು: "ದಿನಕ್ಕ ಐದು ಗ್ರಾಂ ಉಪ್ಪು. ಮ್ಯಾಲೆ ಒಂದು ಹರಳೂ ಬ್ಯಾಡ."

"ಐದು ಗ್ರಾಂ ಅಂದ್ರ ಎಷ್ಟವ್ವಾ?" ಎಂದು ಶಿವದೇವಿ ಕೇಳಿದಳು.

"ಒಂದು ಚಮಚ, ಕಾಕು" ಎಂದವಳೇ ಮುಂದಿನವರನ್ನು ಕರೆದಳು.

ಯಾವ ಚಮಚ? ಚಹಾದ್ದೋ, ಪಲ್ಯ ಬಡಿಸುವುದೋ? ತಲೆಮಟ್ಟವೋ, ಗೋಪುರವೋ? ಅಷ್ಟು ಕೇಳಿಸಿಕೊಳ್ಳಲು ಪುರುಸೊತ್ತು ಯಾರಿಗಿತ್ತು!

ಮನೆಯಲ್ಲಿದ್ದದ್ದು ಉಪ್ಪಿನ ಭರಣಿಯ ಆಳದ ಚಮಚ. ಉಪ್ಪೆಂದರೆ ಲಕ್ಷ್ಮಿ, ಅಳೆಯುವಾಗ ಅದರ ತಲೆ ಸವರಬಾರದು ಎಂದು ಅತ್ತೆ ಕಲಿಸಿದ್ದರು. ಹಾಗಾಗಿ ಶಿವದೇವಿ ಬೆಳಿಗ್ಗೆ ಎದ್ದು ಒಂದೇ ಒಂದು ಚಮಚ, ತುಂಬಿ ತುಳುಕುವಂತೆ, ಬಟ್ಟಲಿಗೆ ಹಾಕಿಡುವಳು. ಗಂಡನ ಇಡೀ ದಿನದ ಊಟಕ್ಕೆ ಅದರಿಂದಲೇ. ವ್ರತ ಹಿಡಿದಂತೆ ನಡೆಸಿದಳು.

ತಿಂಗಳು ತುಂಬುವುದರೊಳಗೆ ಅವನ ಪಾದ ಊದಿದವು, ಉಸಿರು ಕಟ್ಟಿತು. ಮತ್ತೆ ಆಸ್ಪತ್ರೆ. ವಾರ್ಡಿನ ತುಂಬ ಜನರ ಮುಂದೆ ಹರ್ಷದಾ ಅಂದಳು: "ಹೇಳಿದ್ದು ಕೇಳಂಗಿಲ್ಲಂದ್ರ ಹ್ಯಾಂಗ್ರಿ? ನೀವೇ ನಿಮ್ಮ ಮನಿಯವರನ್ನ ಕೊಲ್ಲಲಿಕ್ಕತ್ತೀರಿ."

ಶಿವಶರಣಪ್ಪ ಏದುಸಿರಿನಲ್ಲೇ ನಡುವೆ ಬಾಯಿ ಹಾಕಿದ. "ಆಕಿಗೇನೂ ಅನಬ್ಯಾಡ್ರಿ. ನಾನಾ ಕದ್ದು ಹಪ್ಪಳ ತಿಂದೀನಿ."

ಹಪ್ಪಳ! ಅವಳು ಕೊಟ್ಟದ್ದು ಬಿಟ್ಟು ಬೇರೇನನ್ನೂ ಅವನು ಮುಟ್ಟಿರಲಿಲ್ಲ. ಅವಳನ್ನು ಕಾಯಲು ಸುಳ್ಳು ಹೇಳಿದ್ದ. ಆ ಸುಳ್ಳೇ ಅವಳನ್ನು ಹೆಚ್ಚು ಉರಿಸಿತು.

ಮನೆಗೆ ಹೋಗಿ ಭರಣಿ ಮತ್ತು ಚಮಚವನ್ನು ಚೀಲಕ್ಕೆ ಹಾಕಿಕೊಂಡು, ಬಂಗಾರದ ಕೆಲಸದ ಮೌನೇಶ ಪತ್ತಾರನ ಅಂಗಡಿಗೆ ನಡೆದಳು. "ಇದನ್ನ ತೂಗು."

"ಉಪ್ಪಿಗೂ ಹಾಲ್‌ಮಾರ್ಕ್ ಹಾಕಸ್ತೀಯೇನಕ್ಕಾ?"

"ನಗಬ್ಯಾಡ, ತೂಗು."

ತುಂಬಿದ ಒಂದು ಚಮಚ, ಹದಿಮೂರು ಗ್ರಾಂ. ಪತ್ತಾರನ ನಗು ಇಂಗಿತು. ಇನ್ನೊಮ್ಮೆ ತೂಗಿಸಿದಳು, ಅದೇ. ಐದು ಎಷ್ಟು ತೋರಿಸು ಎಂದಳು. ಅವನು ಅಳೆದು ಕೊಟ್ಟದ್ದು ಅವಳ ಚಮಚದ ಅರ್ಧಕ್ಕೂ ಬರಲಿಲ್ಲ.

ಅವನೇ ಕಟ್ಟಿಕೊಟ್ಟ ಎರಡು ಪೊಟ್ಟಣಗಳನ್ನು ಶಿವದೇವಿ ಹರ್ಷದಾಳ ಮೇಜಿನ ಮೇಲೆ ಬಿಚ್ಚಿಟ್ಟಳು. "ಇದು ನೀ ಹೇಳಿದ ಗ್ರಾಂ. ಇದು ನೀ ಹೇಳಿದ ಚಮಚ. ಯಾವುದು ಖರೇ?"

"ಕಾಕು, ಸಣ್ಣ ಚಮಚ, ಸಪಾಟ ಅಂತ ಎಲ್ಲಾರಿಗೂ ಗೊತ್ತಿರ್ತದಲ್ರಿ..."

"ಎಲ್ಲಾರು ಅಂದ್ರ ಯಾರು? ನಿನ್ನ ತಕ್ಕಡಿ ತಗಿ, ನೋಡೂಣು."

ಮೂಲೆಯಲ್ಲಿ ಮನುಷ್ಯರನ್ನು ತೂಗುವ ಯಂತ್ರವೊಂದಿತ್ತು. ಗ್ರಾಂ ಗ್ರಾಂ ಎಂದು ದಿನವಿಡೀ ಜಪಿಸುವ ಆ ಕೋಣೆಯಲ್ಲಿ ಉಪ್ಪು ತೂಗುವ ತಕ್ಕಡಿ ಇರಲಿಲ್ಲ. ಒಂದು ಚಮಚವನ್ನು ಎತ್ತಿ ತೋರಿಸಲು ಎಷ್ಟು ಹೊತ್ತು ಬೇಕಿತ್ತು? ಅದಕ್ಕೆ ದುಡ್ಡು ಬೇಕೇ, ಡಿಗ್ರಿ ಬೇಕೇ?

ಹರ್ಷದಾಳ ಮುಖ ಸಣ್ಣಗಾಯಿತು. "ನಮಗೂ ಹಿಂಗೇ ಹೇಳಿಕೊಟ್ಟಾರ್ರಿ. ತಪ್ಪಾತು, ಕಾಕು."

"ನನ್ನ ಮುಂದ ಯಾಕ ಹೇಳ್ತಿ? ಕೊಲ್ಲಾಕತ್ತೀರಿ ಅಂತ ಎಲ್ಲಿ ಅಂದ್ಯೋ ಅಲ್ಲಿ ಬಂದು ಹೇಳು."

ಹುಡುಗಿ ಎದ್ದು ಅವಳ ಹಿಂದೆಯೇ ವಾರ್ಡಿಗೆ ಬಂದಳು. ಶಿವಶರಣಪ್ಪನ ಮಂಚದ ಬದಿಗೆ ನಿಂತು, ಅಳತೆ ಸರಿಯಾಗಿ ತಿಳಿಸದಿದ್ದದ್ದು ತನ್ನದೇ ತಪ್ಪು, ಇವರದಲ್ಲ ಎಂದು ಮೆಲ್ಲಗೆ ಹೇಳತೊಡಗಿದಳು.

"ಗಟ್ಟಿಯಾಗಿ ಹೇಳವ್ವಾ" ಎಂದಳು ಶಿವದೇವಿ, ಗಂಡನ ಊದಿದ ಪಾದಗಳ ಮೇಲೆ ಚಾದರ ಎಳೆಯುತ್ತ. "ಆ ಕಡೀ ಮಂಚದವರಿಗೂ ಕೇಳ್ಲಿ. ಅವರ ಮನ್ಯಾಗೂ ಚಮಚಾನ ಇರೂದು."