ವನಮಹೋತ್ಸವಕ್ಕೆ ಬಲಿಯಾದ ರಂಜದ ಮರ

ಹೊಸನಗರದ ನಮ್ಮ ರಸ್ತೆಯ ರಂಜದ ಮರ ಹೂ ಸುರಿಸುತ್ತಲೇ ಇತ್ತು, ಬುಡಕ್ಕೆ ಕೊಡಲಿ ಬೀಳುತ್ತಲೇ ಇತ್ತು. ಕಾರಣ ಪರಮ ಪವಿತ್ರ: ಮಾರನೆಯ ದಿನ ವನಮಹೋತ್ಸವ, ಗಣ್ಯರು ನಿಂತು ನೀಲಗಿರಿ ಸಸಿ ನೆಡಲು ಜಾಗ ಬೇಕಿತ್ತು. ದಿನವೂ ಆ ಹೂ ಆಯುತ್ತಿದ್ದ ಪಕ್ಕದ ಮನೆಯ ಗಿರಿಜಮ್ಮ ಮರ ಕಡಿಸುತ್ತಿದ್ದ ಅಧಿಕಾರಿಯನ್ನು ತಡೆದರು.

“ಎಂತದು ಮಾರಾಯ್ರೆ, ಮರ ನೆಡೋಕೆ ಮರ ಕಡಿತಾರಾ?”

“ಇದು ನಾವು ನೆಟ್ಟಿದ್ದಲ್ಲಮ್ಮ, ತಾನಾಗೇ ಹುಟ್ಟಿದ್ದು. ಲೆಕ್ಕಕ್ಕೆ ಬರಲ್ಲ.”

“ಹಂಗಾರೆ ನಿಮ್ಮನ್ನ ಸರ್ಕಾರ ನೆಟ್ಟಿದ್ದಾ?”

ಮರ ಉರುಳಿತು. ಹೂವಿನ ಮೇಲೆ ಕಾಲಿಡಬಾರದೆಂದು ವರ್ಷಗಟ್ಟಲೆ ಬಳಸಿ ನಡೆದಿದ್ದ ನಾನು ಅಂದು ಸಿಟ್ಟಿನಲ್ಲಿ ಅದೇ ಹೂ ತುಳಿದು ಮನೆಗೆ ನಡೆದೆ.

ಆ ಸಿಟ್ಟು ಇನ್ನೂ ಆರಿಲ್ಲ. ಅಂದಿನಿಂದ ತಾನಾಗಿ ಹುಟ್ಟಿದ ಸಸಿ ಕಂಡಲ್ಲೆಲ್ಲ ಬೇಲಿ ಕಟ್ಟುತ್ತಿದ್ದೇನೆ. ಅವುಗಳ ಉದ್ಘಾಟನೆಗೆ ಇದುವರೆಗೆ ಯಾವ ಗಣ್ಯರೂ ಬಂದಿಲ್ಲ. ಬಹುಶಃ ಅದಕ್ಕೇ ಬದುಕಿವೆ.