ತುದಿ ಕಚ್ಚಿದ ಸೋರೆಕಾಯಿ

ಇವತ್ತು ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದಾಗ ಗೇಟಿಗೆ ಒಂದು ಬಟ್ಟೆಚೀಲ ಸಿಕ್ಕಿಸಿತ್ತು. ರವಿಕೆ ಹೊಲಿದು ಮಿಕ್ಕ ತುಂಡುಗಳನ್ನೆಲ್ಲ ಜೋಡಿಸಿ ಮಾಡಿದ ಚೀಲ. ಒಳಗೆ ಮೊಳದುದ್ದದ ಒಂದು ಸೋರೆಕಾಯಿ, ತೊಟ್ಟಿನ ಹತ್ತಿರ ಅರಿಶಿನ ಕುಂಕುಮ. ಕೊಯ್ದು ಬಹಳ ಹೊತ್ತಾಗಿರಲಿಲ್ಲ. ತೊಟ್ಟಿನಿಂದ ಆ ಹಸಿ ವಾಸನೆ ಇನ್ನೂ ಬರುತ್ತಿತ್ತು. ತಿರುಗಿಸಿ ನೋಡಿದೆ. ಹೂ ಉದುರಿದ ಕಡೆಯ ತುದಿಯಲ್ಲಿ ಹಲ್ಲಿನ ಗುರುತಿತ್ತು. ಯಾರೋ ಒಂದು ಚೂರು ಕಚ್ಚಿ ನೋಡಿದ್ದರು.

ಬೇರೆಯವರಾಗಿದ್ದರೆ ಎಂಜಲು ಮಾಡಿದ್ದನ್ನು ಕೊಟ್ಟಿದ್ದಾರಲ್ಲ ಎಂದು ಮುಖ ಸಿಂಡರಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹಾಲಿನವನು ಬಂದು, ಕೂಗಿ, ನಾನು ಏಳದ್ದನ್ನು ನೋಡಿ ಪ್ಯಾಕೆಟ್ಟನ್ನು ಕಟ್ಟೆಯ ಮೇಲಿಟ್ಟು ಹೋದ.

ಆ ಚೀಲ ಹೊಲಿದವಳು ನನಗೆ ಗೊತ್ತು. ಅವಳ ತಾಯಿ ನಾಲ್ಕು ವರ್ಷದ ಹಿಂದಿನವರೆಗೆ ನನ್ನ ಮನೆಯ ಹಿಂಬದಿಯ ಮನೆಯಲ್ಲಿದ್ದರು. ಎಲ್ಲರೂ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಕೊಳ್ಳೇಗಾಲದ ಈ ಬಾಡಿಗೆ ಮನೆಗೆ ಬಂದಾಗ ನನ್ನ ಪಾಲಿಗೆ ಹಿತ್ತಲೆಂದರೆ ಬಟ್ಟೆ ಒಣಹಾಕುವ ಜಾಗ. ಯಳಂದೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವುದು. ಊರೆಲ್ಲ ಬಾಗಿಲು ಹಾಕಿಕೊಂಡ ಆ ಕೊರೊನಾ ಬೇಸಿಗೆಯಲ್ಲಿ ಬಸ್ಸೂ ನಿಂತಿತು, ಸ್ಕೂಲೂ ನಿಂತಿತು. ಒಂಟಿ ಹೆಂಗಸು, ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಎಷ್ಟು ಹೊತ್ತು ಕಾಫಿ ಕುಡಿಯಬಹುದು... ಎದೆಮಟ್ಟದ ಗೋಡೆಯ ಆಚೆ ಅವ್ವ ಬಗ್ಗಿ ಏನೋ ಕೆದಕುತ್ತಿರುವುದನ್ನು ನಾನು ಸರಿಯಾಗಿ ನೋಡಿದ್ದೇ ಆಗ.

ಪೇಂಟಿನ ಬಕೆಟ್ಟು, ಒಡೆದ ಬಿಂದಿಗೆ, ಎಣ್ಣೆಯ ಟಿನ್ನು ಎಲ್ಲದರಲ್ಲೂ ಒಂದೊಂದು ಗಿಡ. ಬದನೆ, ಮೆಣಸಿನಕಾಯಿ, ದಂಟು. ಗೋಡೆಯ ಬುಡದಲ್ಲಿ ಅವರೆ. ಚಪ್ಪರದ ಮೇಲೆ ಸೋರೆ. ಅವ್ವ ಬದುಕಿನ ಬಹುಭಾಗವನ್ನು ರೇಷ್ಮೆ ನೂಲು ತೆಗೆಯುವ ಕಡೆ ಕಳೆದವರು. ಕುದಿಯುವ ನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳಿನ ತುದಿಗಳ ಗೆರೆಗಳೆಲ್ಲ ಸವೆದಿದ್ದವು. ರೇಷನ್ ಅಂಗಡಿಯ ಮೆಷಿನ್ನು ಅವರ ಹೆಬ್ಬೆಟ್ಟನ್ನು ಗುರುತು ಹಿಡಿಯುತ್ತಿರಲಿಲ್ಲ. ಆ ಬೆರಳನ್ನೇ ಮಣ್ಣಿಗೆ ಒಂದು ಗೆಣ್ಣಿನಷ್ಟು ತೂರಿಸಿ, ಗಿಡಕ್ಕೆ ನೀರು ಬೇಕೋ ಬೇಡವೋ ಎಂದು ಹೇಳುತ್ತಿದ್ದರು.

ನನಗೂ ಕಲಿಸಿ ಎಂದೆ. ಮೊದಲು ದಂಟಿನ ಬೀಜ ಕೊಟ್ಟರು. ನಾನು ದಿನಕ್ಕೆ ಮೂರು ಸಲ ನೀರು ಹೊಯ್ದು, ಬೀಜವನ್ನೆಲ್ಲ ತೇಲಿಸಿ ಚರಂಡಿಗೆ ಕಳಿಸಿದೆ. ಅವ್ವ ಗೋಡೆಗೆ ಮೊಣಕೈಯೂರಿ ನೋಡುತ್ತಿದ್ದರು.

"ಗಿಡ ಸಾಕ್ತಿದ್ದೀಯೋ, ಎಮ್ಮೆ ಮೈ ತೊಳಿತಿದ್ದೀಯೋ ಟೀಚ್ರಮ್ಮ?"

ಹನ್ನೆರಡು ವರ್ಷ ಮಕ್ಕಳಿಗೆ ಬೀಜ ಮೊಳೆಯುವ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲೆ ಬೇರು ಕೆಳಕ್ಕೂ ಚಿಗುರು ಮೇಲಕ್ಕೂ ಹೋಗುವಂತೆ ಅಂದವಾಗಿ ಬರೆಯುತ್ತಿದ್ದೆ. ಅವ್ವನ ಜೊತೆ ನಕ್ಕೆನಾದರೂ ಒಳಗೆ ಚುರುಕ್ಕೆಂದಿತು. ಮುಂದಿನದಕ್ಕೆಲ್ಲ ಆ ಚುರುಕ್ಕೇ ಮೂಲ ಎಂದು ಈಗ ಅನಿಸುತ್ತದೆ.

ಮೇ ತಿಂಗಳಿನಲ್ಲಿ ಅವ್ವ ತಮ್ಮ ಗೋಡೆಗೆ ಮೆತ್ತಿದ್ದ ಒಂದು ಸಗಣಿ ಬಿಲ್ಲೆಯನ್ನು ಕಿತ್ತು ತಂದುಕೊಟ್ಟರು. ಹಿಂದಿನ ವರ್ಷದ ಸೋರೆಬೀಜಗಳನ್ನು ಬೂದಿಯ ಜೊತೆ ಸಗಣಿಯಲ್ಲಿ ಕಲಸಿ ಒಣಗಿಸಿದ್ದು. ಮುರಿದು ಅರ್ಧ ಮಣ್ಣಿಗೆ ಹಾಕು, ಅರ್ಧ ಇಟ್ಟುಕೋ ಎಂದರು. ಜೊತೆಗೆ ಎರಡು ಮಾತು ಹೇಳಿದರು. ಸೋರೆಯಾಗಲಿ ಹೀರೆಯಾಗಲಿ, ಒಲೆಗೆ ಇಡುವ ಮೊದಲು ತುದಿ ಕಚ್ಚಿ ನೋಡಬೇಕು, ಕಹಿಯಿದ್ದರೆ ಉಗಿದು ಕಾಯಿಯನ್ನು ತಿಪ್ಪೆಗೆ ಹಾಕಬೇಕು. ಮೊದಲ ಕಾಯಿಯನ್ನು ಮಾತ್ರ ಬೆಳೆದವರು ಮುಟ್ಟಬಾರದು. ಅದು ಬೀಜ ಕೊಟ್ಟವರ ಮನೆಗೆ, ಅರಿಶಿನ ಕುಂಕುಮವಿಟ್ಟು, ಎಂಜಲು ಮಾಡದೆ.

"ನಮ್ಮವ್ವನ ಕಾಲ್ದಿಂದ್ಲೂ ಇಂಗೇ ಕಣವ್ವ. ಬೀಜ ಕೊಟ್ಟ ಕೈಗೆ ಮೊದಲ್ನೇ ಕಾಯಿ ಓಗ್ಬೇಕು."

ಬಿತ್ತಿದೆ. ಎಮ್ಮೆ ತೊಳೆಯುವ ಬುದ್ಧಿ ಬಿಟ್ಟಿರಲಿಲ್ಲ. ಹದಿನೈದು ದಿನ ಕಾದು ಕೆದಕಿ ನೋಡಿದರೆ ಬೀಜಗಳೆಲ್ಲ ಕೊಳೆತು ಮೆತ್ತಗಾಗಿದ್ದವು. ಅದೇ ದಿನ ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಮೂಲೆಯಲ್ಲಿ, ತಾನಾಗಿ ಹುಟ್ಟಿದ ಒಂದು ಸೋರೆಯ ಸಸಿ ಕಣ್ಣಿಗೆ ಬಿತ್ತು. ಅಂಥದ್ದನ್ನು ಕಂಡ ಕೂಡಲೇ ಕಿತ್ತುಹಾಕು ಎಂದು ಅವ್ವ ಮೊದಲೇ ಹೇಳಿದ್ದರು. ಯಾವ ಕಾಡುಸೋರೆಯ ಬೀಜವೋ, ಯಾವ ಹಕ್ಕಿ ತಂದದ್ದೋ, ನಂಬಬಾರದು. ಕೇಳಿಸಿಕೊಂಡು ತಲೆಯಾಡಿಸಿದ್ದೆ. ಈಗ ಅದನ್ನೇ ಹುಷಾರಾಗಿ ಎಬ್ಬಿಸಿ, ಅವ್ವನ ಬೀಜ ಕೊಳೆತ ಗುಣಿಯಲ್ಲಿ ನೆಟ್ಟೆ. ಮಾರನೆಯ ದಿನ ಗೋಡೆಯ ಹತ್ತಿರ ಹೋಗಿ, ನಿಮ್ಮ ಬೀಜ ಹುಟ್ಟಿತು ಅವ್ವ ಎಂದೆ.

ಸುಳ್ಳು ಅಷ್ಟು ಸಣ್ಣದಾಗಿತ್ತು. ಹೇಳುವಾಗ ನಾಲಗೆ ತಡವರಿಸಲೂ ಇಲ್ಲ.

ಬಳ್ಳಿ ಮಾತ್ರ ಹುಚ್ಚೆದ್ದು ಬೆಳೆಯಿತು. ಅವ್ವ ಒಂದು ಸಲ ನಮ್ಮ ಹಿತ್ತಲಿಗೆ ಬಂದು ನೋಡಿದರು. ಹೀಚಿಗೆ ಬೆರಳು ತೋರಿಸಿದರೆ ಉದುರುತ್ತದೆಂದು ಬೆರಳು ಮಡಿಸಿ, ಗೆಣ್ಣಿನಿಂದ ತೋರಿಸುತ್ತಿದ್ದರು. ಒಂದು ಎಲೆಯನ್ನು ಹಿಡಿದು ಬಹಳ ಹೊತ್ತು ನಿಂತರು.

"ಎಲೆ ವಸಿ ಸಣ್ಣ ಅದೆಯಲ್ಲವ್ವ..."

ಬಿಸಿಲು ಸಾಲದು ಇಲ್ಲಿ ಎಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಎಲೆಯನ್ನು ಬಿಟ್ಟು, ಆಗಲಿ ಚೆನ್ನಾಗಿ ಬೆಳೆಸಿದ್ದೀಯ ಎಂದರು. ಆ ಮಾತಿಗೆ ನಾನು ಉಬ್ಬಿದ್ದೆ.

ಅದಾದ ಮೇಲೆ ಆ ಜ್ವರ ನಮ್ಮ ಬೀದಿಗೂ ಬಂತು. ಅವ್ವ ಮಲಗಿ ಎದ್ದರು. ಎದ್ದಾಗ ಮೈಯಲ್ಲಿ ಸಕ್ಕರೆಯೂ ಸೇರಿಕೊಂಡಿತ್ತು. ಅವರು ಆಗಾಗ ಗೋಡೆಯ ಮೇಲಿಂದ ಕೊಡುತ್ತಿದ್ದ ಬಸ್ಸಾರಿನ ರುಚಿ ಬದಲಾಗಿತ್ತು. ಒಂದು ದಿನ ಉಪ್ಪೇ ಇಲ್ಲ, ಇನ್ನೊಂದು ದಿನ ಬಾಯಿಗಿಡಲಾರದಷ್ಟು ಉಪ್ಪು. ಕೇಳಿದಾಗ ನಕ್ಕು ಕೈ ಜಾರಿತು ಎಂದರು. ಮತ್ತೊಂದು ದಿನ ಮಗಳು ಮನೆಯಲ್ಲಿ ಇಲ್ಲದಾಗ ದನಿ ಇಳಿಸಿ ಹೇಳಿದರು.

"ನಾಲ್ಗೆಗೆ ಏನೂ ಗೊತ್ತಾಯ್ತಿಲ್ಲ ಕಣವ್ವ. ಬೆಲ್ಲನೂ ಒಂದೇ, ಬೇವೂ ಒಂದೇ. ಮಗ್ಳಿಗೆ ಏಳ್ಬ್ಯಾಡ, ಒಲೆ ಮುಂದೆ ಕೂರಾಕೆ ಬುಡಾಕಿಲ್ಲ ಅವ್ಳು."

ಹೇಳಲಿಲ್ಲ. ಅದೂ ಒಂದು ನಂಬಿಕೆಯ ಕೆಲಸ ಎಂದುಕೊಂಡಿದ್ದೆ.

ಮೊದಲ ಕಾಯಿ ಕೊಯ್ಯಲು ಬಂದದ್ದು ಒಂದು ಶುಕ್ರವಾರ. ತೊಳೆದೆ, ಒರೆಸಿದೆ, ಅರಿಶಿನ ಕುಂಕುಮ ಹಚ್ಚಿದೆ. ಹೊಸ ಸೀರೆ ಉಟ್ಟವಳ ಹಾಗೆ ಗೋಡೆಯ ಹತ್ತಿರ ಹೋದೆ. ಬೀಜ ಅವರದ್ದಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲವೇ? ಬಂತು. ಅವರ ನಾಲಗೆಗೆ ಕಹಿ ತಿಳಿಯುವುದಿಲ್ಲ ಎಂಬುದು? ಅದನ್ನು ಇದಕ್ಕೆ ಜೋಡಿಸಿ ನೋಡಲೇ ಇಲ್ಲ. ಕಚ್ಚಿ ನೋಡಲು ಮೊದಲ ಕಾಯಿಯಾಯಿತಲ್ಲ, ಎಂಜಲು ಮಾಡುವಂತಿಲ್ಲ. ಅವ್ವ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

ಬರಿಹೊಟ್ಟೆಯಲ್ಲಿ ಹಸಿ ಸೋರೆಕಾಯಿಯ ರಸ ಕುಡಿದರೆ ಸಕ್ಕರೆ ಇಳಿಯುತ್ತದೆಂದು ಅವರಿಗೆ ಯಾರೋ ಹೇಳಿದ್ದರು. ಶನಿವಾರ ಬೆಳಿಗ್ಗೆ ಮಗಳು ಮಿಕ್ಸಿಗೆ ಹಾಕಿ ಒಂದು ದೊಡ್ಡ ಲೋಟ ಕೊಟ್ಟಳು. ತಾಯಿಯ ಔಷಧಿ, ಅವಳೇಕೆ ರುಚಿ ನೋಡಬೇಕು. ಅವ್ವ ಗಟಗಟನೆ ಕುಡಿದರಂತೆ. ಅರ್ಧ ಗಂಟೆಯೊಳಗೆ ವಾಂತಿ ಶುರುವಾಯಿತು. ನನ್ನನ್ನು ಕೂಗಿದಾಗ ಹೋಗಿ ನೋಡಿದರೆ ಬಕೆಟ್ಟಿನಲ್ಲಿ ರಕ್ತವಿತ್ತು.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಏನು ತಿಂದಿದ್ದರು ಎಂದು ಕೇಳಿದರು. ಮಗಳು ಸೋರೆಕಾಯಿ ರಸ ಎಂದಳು. ಅವರು ಅವ್ವನ ಕಡೆ ಬಗ್ಗಿ, ಕಹಿ ಇತ್ತೇನಮ್ಮ ಎಂದರು.

"ಇಲ್ಲ ಸಾ. ಸಿಹಿಯಾಗೇ ಇತ್ತು."

ಹಾಗೆ ಹೇಳಿ ಅವ್ವ ನನ್ನ ಕಡೆ ನೋಡಿದರು. ಅವರಿಗೆ ಸಿಹಿ ಕಹಿ ಯಾವುದೂ ತಿಳಿಯದೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾನು ಬಾಯಿ ಬಿಡಲಿಲ್ಲ. ಅವರ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡೆ. ನಿಜಕ್ಕೂ ಕಾಯುತ್ತಿದ್ದದ್ದು ನನ್ನದನ್ನು.

ಬಟ್ಟೆ ತರುವ ನೆಪ ಹೇಳಿ ಮನೆಗೆ ಬಂದೆ. ನೇರ ಹಿತ್ತಲಿಗೆ ಹೋಗಿ ಬಳ್ಳಿಯಲ್ಲಿದ್ದ ಎರಡನೆಯ ಕಾಯಿಯ ತುದಿ ಕಚ್ಚಿದೆ. ವಿಷದಂಥ ಕಹಿ. ಉಗಿದೆ, ಬಾಯಿ ಮುಕ್ಕಳಿಸಿದೆ, ಮತ್ತೆ ಮುಕ್ಕಳಿಸಿದೆ, ಗಂಟಲಿನಿಂದ ಹೋಗಲಿಲ್ಲ. ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದೆ. ಆಮೇಲೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ... ಬಿಸಿಲು ಗೋಡೆ ಇಳಿದಿತ್ತು. ಎದ್ದು ಓಡಬೇಕಾದವಳು ಕುಳಿತಿದ್ದೆ, ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತಾ.

ಸಂಜೆ ಹೋಗಿ ಡಾಕ್ಟರನ್ನು ಒಬ್ಬರನ್ನೇ ಕಂಡು ಕಾಯಿ ಕಹಿಯಿತ್ತು ಎಂದು ಹೇಳಿದೆ. ಬೇರೆ ಮದ್ದು ಅಂತ ಇಲ್ಲ, ಮಾಡುವುದನ್ನೇ ಮಾಡುತ್ತಿದ್ದೇವೆ, ಮೈಸೂರಿಗೆ ಕಳಿಸುತ್ತಿದ್ದೇವೆ ಎಂದರು. ಅದು ನಿಜವೋ ನನ್ನ ಮುಖ ನೋಡಿ ಹೇಳಿದ ಸಮಾಧಾನವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಂಬ್ಯುಲೆನ್ಸಿನ ಬಾಗಿಲು ಹಾಕುವಾಗ ಅವ್ವ ಕೈಯೆತ್ತಿದರು. ಗೆರೆಯಿಲ್ಲದ ಆ ಬೆಳ್ಳನೆಯ ಬೆರಳುಗಳು. ಸೋಮವಾರ ಹೆಣ ಬಂತು.

ಮಗಳಿಗೆ ಹೇಳಲಿಲ್ಲ. ಹನ್ನೊಂದನೆಯ ದಿನಕ್ಕೆ ಹೇಳುತ್ತೇನೆ ಎಂದುಕೊಂಡೆ, ವರ್ಷದ ತಿಥಿಗೆ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಮನೆ ಖಾಲಿ ಮಾಡಿ ಹನೂರಿಗೆ ಹೋಗಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಳು. ನಾನು ಮತ್ತೆ ಏನನ್ನೂ ಬಿತ್ತಲಿಲ್ಲ. ಅವ್ವ ಕೊಟ್ಟ ಬಿಲ್ಲೆಯ ಉಳಿದರ್ಧ ಅಡುಗೆಮನೆಯ ಡಬ್ಬಿಯೊಂದರಲ್ಲಿ ಹಾಗೇ ಇತ್ತು. ಈ ವರ್ಷ ಮಳೆಗೆ ಮುಂಚೆ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹನೂರಿನ ಬಸ್ಸು ಹತ್ತಿದೆ. ಹೇಳಲೆಂದೇ ಹೋಗಿದ್ದು. ನಿಮ್ಮವ್ವನ ಬೀಜ, ಉಳಿದಿತ್ತು ಎಂದು ಕೊಟ್ಟೆ. ಅವಳು ಬಿಲ್ಲೆಯನ್ನು ಮೂಸಿ ನೋಡಿದಳು. ಟೀ ತರಿಸಿದಳು. ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಇವತ್ತು ಆ ಬೀಜದ ಕಾಯಿ ಬಂದಿದೆ, ತುದಿ ಕಚ್ಚಿಸಿಕೊಂಡು.

ಹತ್ತು ಗಂಟೆಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಚೀಲ ಸಿಕ್ತಾ ಟೀಚ್ರೇ? ಮದ್ವೆ ಮನೇಗೆ ರವಿಕೆ ಕೊಡಾಕೆ ಮೊದಲ್ನೇ ಬಸ್ಗೇ ಬಂದಿದ್ದೆ. ನಿಮ್ಮನ್ನ ಎಬ್ಸಾದು ಬ್ಯಾಡ ಅಂತ ಗೇಟ್ಗೇ ಸಿಗಾಕ್ಬುಟ್ಟೆ."

ತುದಿ... ಎಂದೆ.

"ನಾನೇ ಕಚ್ಚಿದ್ದು. ಮೈಸೂರಿಗೆ ಓಗೋವಾಗ ಗಾಡೀಲಿ ಅವ್ವ ಏಳಿದ್ಲು, ಇನ್ಮೇಕೆ ಮೊದಲ್ನೇ ಕಾಯಾದ್ರೂ ಕಚ್ಚಿ ನೋಡ್ಬುಟ್ಟೇ ಕೊಡು, ಎಂಜಲು ಅನ್ಕಂಡ್ರೆ ಅನ್ಕೊಳ್ಳಿ ಅಂತ. ನಾಲ್ಗೆ ಸತ್ತೋಗಿದ್ದನ್ನೂ, ಅದು ನಿಮ್ಗೆ ಗೊತ್ತಿದ್ದನ್ನೂ ಆಗ್ಲೇ ಏಳಿದ್ದು. ಆ ಬಳ್ಳಿ ತನ್ನ ಬೀಜದ್ದಲ್ಲ ಅಂತ ಎಲೆ ನೋಡ್ದಾಗ್ಲೇ ಅನ್ಮಾನ ಬಂದಿತ್ತಂತೆ. ಟೀಚ್ರಮ್ಮ ಆಸೆಪಟ್ಟು ಬೆಳ್ದವ್ಳೆ, ಎಂಗೆ ಬ್ಯಾಡ ಅನ್ನಾದು ಅಂದ್ಲು."

ನಾಲ್ಕು ವರ್ಷ ಅವಳಿಗೆ ಎಲ್ಲ ಗೊತ್ತಿತ್ತು. ಹಬ್ಬಕ್ಕೆ ನಾನು ಫೋನ್ ಮಾಡಿ ಚೆನ್ನಾಗಿದ್ದೀಯ ಎಂದು ಕೇಳಿದಾಗಲೆಲ್ಲ ಗೊತ್ತಿತ್ತು.

"ನೀವಾಗೇ ಏಳ್ತೀರ ಅಂತ ಕಾಯ್ತಿದ್ದೆ. ಬೀಜ ಕೊಟ್ಟು ಟೀ ಕುಡ್ದು ಎದ್ದೋದ್ರಲ್ಲ, ಅವತ್ತೂ ಕಾಯ್ತಿದ್ದೆ. ಸಿಟ್ಟು ಓಗಿಲ್ಲ ಟೀಚ್ರೇ, ಸುಳ್ಳೇಳಾಕಿಲ್ಲ ನಾನು. ಆದ್ರೆ ಬೀಜ ನಿಮ್ ಕೈಯಿಂದ ಬಂತು. ಮೊದಲ್ನೇ ಕಾಯಿ ನಿಮ್ಗೇ ಸೇರ್ಬೇಕು."

ಆಗ ಹೇಳಿದೆ. ಕೊಳೆತ ಬೀಜ, ಒಗೆಯುವ ಕಲ್ಲಿನ ಮೂಲೆಯ ಸಸಿ, ಡಾಕ್ಟರ ಮುಂದೆ ಬಾಯಿ ಮುಚ್ಚಿಕೊಂಡು ನಿಂತದ್ದು, ಬಿಸಿಲು ಇಳಿಯುವವರೆಗೆ ಕುಳಿತದ್ದು. ಅವಳು ಊಹಿಸಿರದಿದ್ದದ್ದು ಆ ಕೊನೆಯದೊಂದೇ. ಅದನ್ನು ಕೇಳಿ ಅವಳು ಗಿರಾಕಿ ಬಂದರು ಎಂದು ಫೋನ್ ಇಟ್ಟಳು. ಇನ್ನು ಮುಂದೆ ಅವಳು ಫೋನ್ ಎತ್ತುತ್ತಾಳೋ ಇಲ್ಲವೋ, ಗೊತ್ತಿಲ್ಲ.

ಮಧ್ಯಾಹ್ನ ಈಳಿಗೆಮಣೆ ಹಾಕಿಕೊಂಡು ಕುಳಿತೆ. ಹೆಚ್ಚುವ ಮೊದಲು ಅವಳ ಹಲ್ಲಿನ ಗುರುತಿನ ಪಕ್ಕದಲ್ಲೇ ನಾನೂ ಒಂದು ಚೂರು ಕಚ್ಚಿದೆ. ನೀರುನೀರಾಗಿ, ತಣ್ಣಗೆ, ಸಿಹಿಯಾಗಿತ್ತು. ನಾಲ್ಕು ವರ್ಷದ ಹಿಂದೆ ಗೋಡೆಯ ಮೇಲಿಂದ ನಾನು ಅವ್ವನ ಕೈಗೆ ಇಡಬೇಕಾಗಿದ್ದದ್ದು ಈ ಕಾಯಿಯನ್ನು.