ಮಂಜುಗಡ್ಡೆ ಸೀಳುವ ಐಸಕ್ಕ

ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಸಂಶೋಧನಾಲಯದ ನೆಲಮಾಳಿಗೆಯ ಶೀತಲ ಕೋಣೆಯಲ್ಲಿ ಐಸಕ್ಕ ಗರಗಸದ ಅಲಗು ಒರೆಸುತ್ತಿದ್ದಾರೆ. ಮನೆಯ ಫ್ರಿಜ್ಜು ಈ ಕೋಣೆಯ ಮುಂದೆ ಬೆಚ್ಚಗಿನ ಅಡುಗೆಮನೆ. ಪತ್ರಿಕೆಗೆ ಬರೆಯಲೆಂದು ಬಂದ ನನ್ನ ಹಲ್ಲು ಎರವಲು ಕೋಟಿನೊಳಗೂ ಕಟಕಟ ಎನ್ನುತ್ತಿದೆ, ಪೆನ್ನು ಕೈಕೊಟ್ಟಿದೆ. "ಪೆನ್ಸಿಲ್ ತಗೊಳ್ಳಿ ಸಾರ್, ಇಲ್ಲಿ ಪೆನ್ನಿಗೂ ನೆಗಡಿ ಆಗುತ್ತೆ" ಎಂದು ಅವರು ನಗುತ್ತಾರೆ. ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಮೇಜಿನ ಮೇಲೆ ತೋಳುದ್ದದ ಮಂಜುಗಡ್ಡೆ ಇದೆ. ಧ್ರುವಪ್ರದೇಶದ ಹಿಮದ ಹಾಸಿನ ಆಳದಿಂದ ಕೊರೆದು ತಂದದ್ದು. ಅದರೊಳಗಿನ ಸಣ್ಣ ಗುಳ್ಳೆಗಳಲ್ಲಿ ಮನುಷ್ಯ ಬೆಂಕಿ ಹಚ್ಚಿ ಯಂತ್ರ ಓಡಿಸುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿನ ಗಾಳಿ ಸಿಕ್ಕಿಕೊಂಡಿದೆ. ಅಂದು ಭೂಮಿ ತಾನಾಗಿ ಕಾದಾಗ ಬಿಸಿ ಮೊದಲು ಏರಿತೋ, ಗಾಳಿಯಲ್ಲಿ ಇಂಗಾಲ ಮೊದಲು ಏರಿತೋ? ಇದೇ ಗಡ್ಡೆಯ ಒಂದು ಪಾಲನ್ನು ಪರೀಕ್ಷಿಸಿದ ಇಬ್ಬರು ವಿಜ್ಞಾನಿಗಳು ಎರಡು ಉತ್ತರ ಹೇಳಿ ಎಣ್ಣೆ ಸೀಗೇಕಾಯಿ ಆಗಿದ್ದಾರೆ. ಎತ್ತಿಟ್ಟಿದ್ದ ಕೊನೆಯ ಪಾಲನ್ನು ಈಗ ಐಸಕ್ಕ ಸೀಳಿ ಇಬ್ಬರಿಗೂ ಹಂಚಬೇಕು. ಬಿರುಕು ಬಿಟ್ಟರೆ ಇವತ್ತಿನ ಗಾಳಿ ಒಳಗೆ ನುಗ್ಗುತ್ತದೆ, ಗಡ್ಡೆ ಬರೀ ನೀರಿಗೆ ಸಮ.

ಇದೊಂದು ತುಂಡಿನಿಂದ ವಿಜ್ಞಾನವೇನೂ ತಲೆಕೆಳಗಾಗುವುದಿಲ್ಲ. ಈಗಿನ ಬಿಸಿಗೆ ಮನುಷ್ಯನೇ ಮುಖ್ಯ ಕಾರಣ ಎನ್ನುವುದಕ್ಕೆ ಬೇರೆ ಸಾಕ್ಷ್ಯಗಳ ರಾಶಿಯೇ ಇದೆ. ಆದರೆ ಊರಾಚೆಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವನ್ನು ಮುಚ್ಚಬೇಕೋ ಬೇಡವೋ ಎಂಬ ವಿಚಾರಣೆಯಲ್ಲಿ, "ಅಂದೂ ಬಿಸಿಯೇ ಮೊದಲು ಏರಿದ್ದು, ಇದೆಲ್ಲ ಪ್ರಕೃತಿಯ ಆಟ" ಎನ್ನುವ ಸ್ಥಾವರದ ವಕೀಲರು ವಿಜ್ಞಾನಿಗಳ ಈ ಜಗಳವನ್ನೇ ಹಿಡಿದು ಜಗ್ಗುತ್ತಿದ್ದಾರೆ. ಐಸಕ್ಕನ ಗಂಡ ಅದೇ ಸ್ಥಾವರದಲ್ಲಿ ಬಾಯ್ಲರ್ ಆಪರೇಟರ್.

ಐಸಕ್ಕ ಮೊದಲು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕಲ್ಲಿನಂತಾದ ಮೀನು ಸೀಳುತ್ತಿದ್ದರು. ಕೈಚಳಕ ನೋಡಿ ಯಾರೋ ಇಲ್ಲಿಗೆ ಕರೆತಂದರು. ಒಳಗೆ ಅರ್ಧ ಗಂಟೆ ಕೆಲಸ, ಹೊರಗೆ ಬಂದು ಮೈ ಬೆಚ್ಚಗೆ ಮಾಡಿಕೊಂಡು ಮತ್ತೆ ಒಳಗೆ. ದಿನಕ್ಕೆ ಏಳೆಂಟು ಸಲ ಹೀಗೆ. ಎಡಗೈಯ ಎರಡು ಬೆರಳಿಗೆ ಸ್ಪರ್ಶವೇ ಹೋಗಿದೆ. ಚಹಾ ಬಿಸಿಯಿದೆಯೋ ಇಲ್ಲವೋ ತಿಳಿಯಲು ಲೋಟವನ್ನು ಕೆನ್ನೆಗೆ ತಾಗಿಸಿ ನೋಡುತ್ತಾರೆ. ಇವರು ಸೀಳಿದ ಗಡ್ಡೆಗಳ ಮೇಲೆ ಬಂದ ಲೇಖನಗಳಲ್ಲಿ ಇವರ ಸುಳಿವೇ ಇಲ್ಲ. ನನಗೆ ಸಿಟ್ಟು ಬರುತ್ತದೆ, ಅವರಿಗೆ ಬಂದಂತಿಲ್ಲ.

ಬೆಚ್ಚಗಾಗಲು ಹೊರಬಂದಾಗ ಅವರು ಹಿಂದಿನ ರಾತ್ರಿ ಊಟದ ಹೊತ್ತಿನ ಮಾತು ಹೇಳುತ್ತಾರೆ. "ನಮ್ಮೆಜಮಾನ್ರು ತಟ್ಟೆ ನೋಡ್ಕೊಂಡೇ ಅಂದ್ರು, ಕೈ ಜಾರಿದ್ರೆ ನಿನ್ನ ಯಾರೂ ಬೈಯಲ್ಲ ಕಣೇ ಅಂತ. ನಾನು ಇನ್ನೊಂದು ಸೌಟು ಸಾರು ಬಡಿಸ್ದೆ, ಅಷ್ಟೇ." ಗಡ್ಡೆ ಹಾಳಾದರೆ ವಾದ ಮುಗಿಯುವುದಿಲ್ಲ, ವಿಚಾರಣೆ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟರಲ್ಲಿ ಗಂಡ ನಿವೃತ್ತಿಯಾಗುತ್ತಾರೆ.

ಮತ್ತೆ ಒಳಗೆ. ಗರಗಸದ ಯಂತ್ರ ಗುಂಯ್ ಎನ್ನುತ್ತದೆ. ಗಾಜಿನಾಚೆ ಇಬ್ಬರು ವಿಜ್ಞಾನಿಗಳೂ ಜಗಳ ಮರೆತು ಅಕ್ಕಪಕ್ಕ ನಿಂತಿದ್ದಾರೆ. ಅಲಗು ಅರ್ಧ ದಾಟಿದಾಗ 'ಟಕ್' ಎಂಬ ಸದ್ದು. ಐಸಕ್ಕ ಸ್ವಿಚ್ಚು ಆರಿಸುತ್ತಾರೆ. ಅಲಗಿನ ಮುಂದೆ ಕೂದಲೆಳೆಯಷ್ಟು ಬಿರುಕು. ಯಂತ್ರವನ್ನು ಮತ್ತೆ ಓಡಿಸಿದರೆ ಸಾಕು, ಗಡ್ಡೆ ಚೂರಾಗುತ್ತದೆ, ಯಾರೂ ಸಂಶಯಪಡುವುದಿಲ್ಲ. ಅವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. ಆ ಒಂದು ಗಳಿಗೆಯಲ್ಲಿ ಏನು ಯೋಚಿಸಿದಿರಿ ಎಂದು ಕೇಳುವ ಧೈರ್ಯ ನನಗೆ ಆಮೇಲೂ ಬರಲಿಲ್ಲ.

ಬೆರಳು ತೆಗೆದು ಅವರು ಕೈಗರಗಸ ಎತ್ತಿಕೊಳ್ಳುತ್ತಾರೆ. ಗಡ್ಡೆಯನ್ನು ತಿರುಗಿಸಿ, ಆ ಕಡೆಯಿಂದ ಮೆಲ್ಲಗೆ ಎಳೆಯುತ್ತಾರೆ. ಅರ್ಧ ಗಂಟೆ ಮುಗಿಯಿತೆಂದು ಗಂಟೆ ಬಾರಿಸಿದರೂ ಹೊರಬರುವುದಿಲ್ಲ. ಕೊನೆಗೆ ಬಿರುಕಿನ ಮೂಲೆಯಷ್ಟೇ ಚಕ್ಕೆಯಾಗಿ ಉದುರುತ್ತದೆ. ಎರಡು ಪಾಲು, ಎರಡೂ ಸ್ವಚ್ಛ.

ಹೊರಬಂದವರ ಬೆರಳುಗಳು ಮರಗಟ್ಟಿವೆ. ಗಂಡನ ನಂಬರನ್ನು ನಾನೇ ಒತ್ತಿಕೊಡುತ್ತೇನೆ, ಸ್ಪೀಕರಿನಲ್ಲಿ.

"ಆಯ್ತು ರೀ. ಎರಡೂ ಸರಿಯಾಗಿ ಬಂತು."

ಆ ಕಡೆ ಬಾಯ್ಲರಿನ ಮೊರೆತ, ಅದರ ನಡುವೆ ಗಂಡನ ದನಿ: "ನೀನು ಒಡೆಯಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಕೇಳ್ಬಿಟ್ಟೆ ನೋಡು."

"ಬಿಡಿ, ಊಟದ ಹೊತ್ತಿಗೆ ಬನ್ನಿ" ಎಂದು ಅವರು ಫೋನು ಇಡುತ್ತಾರೆ.

ಮುಂದೇನು ಬಯಸುತ್ತೀರಿ ಎಂದು ಕೇಳುತ್ತೇನೆ. ಐಸಕ್ಕ ಕೈಗಳನ್ನು ಕಂಕುಳಲ್ಲಿ ಅದುಮಿಕೊಳ್ಳುತ್ತಾರೆ.

"ಅವರ ಕೆಲಸ ಉಳೀಲಿ ಅಂತ ನಂಗೂ ಆಸೆ ಸಾರ್, ಯಾಕೆ ಸುಳ್ಳು ಹೇಳ್ಲಿ. ಆದ್ರೆ ಅವರಿಗೋಸ್ಕರ ಅಂತ ಇವತ್ತು ಒಡೆದಿದ್ರೆ, ನಾಳೆಯಿಂದ ನನ್ನ ಮಾತು ಅವರೇ ನಂಬ್ತಿರ್ಲಿಲ್ಲ."